ಫ್ಲಿನ್ ಫ್ಲಾನ್ ಬಾಂಬರ್ಸ್ ರಿಂಕಿನ ಮಾದರಿ: ಕೊನೆಗೂ ಐಸ್ ಕೂತಿತು

ಐಸ್ ಹಾಕಿ ತಂಡವಾದ ಫ್ಲಿನ್ ಫ್ಲಾನ್ ಬಾಂಬರ್ಸ್‌ನ ಅಂಗಳ ವಿಟ್ನಿ ಫೋರಮ್. ನಾನು ಮಾಡುತ್ತಿರುವ ಅದರ 1:87 ಅಳತೆಯ ಮಾದರಿಯಲ್ಲಿ ಇಷ್ಟು ದಿನ ಸತಾಯಿಸುತ್ತಿದ್ದ ಐಸ್ ಈ ವಾರ ಹದಕ್ಕೆ ಬಂದಿದೆ. ಗೋಡೆ, ತೊಲೆ, ಪ್ರೇಕ್ಷಕರ ಬೆಂಚುಗಳ ಕೆಲಸ ನಾವೆಲ್ಲರೂ ಮಾಡುವಂಥದ್ದೇ ಆಗಿರುವುದರಿಂದ ಅದನ್ನು ಬಿಟ್ಟು, ಈ ಒಂದು ತೊಡಕನ್ನಷ್ಟೇ ವಿವರವಾಗಿ ಬರೆಯುತ್ತೇನೆ.

ಯಾವ ವರ್ಷದ ಮಾದರಿ ಎಂಬುದು ಮೊದಲು ತೀರ್ಮಾನವಾಗಬೇಕಿತ್ತು. ಫ್ಲಿನ್ ಫ್ಲಾನ್ ಎಂಬುದು ಕೆನಡಾದ ಮ್ಯಾನಿಟೋಬಾ ಮತ್ತು ಸಸ್ಕಾಚೆವಾನ್ ಪ್ರಾಂತ್ಯಗಳ ಗಡಿಯ ಮೇಲೆ, ಬರೀ ಬಂಡೆಯ ನೆಲದಲ್ಲಿ ಬೆಳೆದ ತಾಮ್ರ ಮತ್ತು ಸತುವಿನ ಗಣಿಯೂರು. ಸುಮಾರು 10,000 ಜನರಿದ್ದ ಆ ಊರಿನ ಜೂನಿಯರ್ ತಂಡ ಬಾಂಬರ್ಸ್ 1957ರಲ್ಲಿ ಒಟ್ಟಾವ ಕೆನೇಡಿಯನ್ಸ್ ತಂಡವನ್ನು ಏಳು ಪಂದ್ಯಗಳ ಸರಣಿಯಲ್ಲಿ 4-3ರಿಂದ ಸೋಲಿಸಿ, ಕೆನಡಾದ ಜೂನಿಯರ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆದ್ದಿತು. ಎದುರಾಳಿಗಳನ್ನು ನಡೆಸುತ್ತಿದ್ದವರು ಮುಂದೆ ವೃತ್ತಿಪರ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್‌ನ ಜನರಲ್ ಮ್ಯಾನೇಜರ್ ಆದ ಸ್ಯಾಮ್ ಪೊಲಾಕ್. ಬಾಂಬರ್ಸ್ ನಾಯಕ ಟೆಡ್ ಹ್ಯಾಂಪ್ಸನ್. ಜೂನಿಯರ್ ಹಾಕಿಯಲ್ಲಿ ಇಷ್ಟು ಸಣ್ಣ ಊರಿನ ಇಷ್ಟು ದೊಡ್ಡ ಗೆಲುವು ನನಗೆ ಬೇರೊಂದು ಕಾಣುವುದಿಲ್ಲ. ಆದರೆ ನಿರ್ಣಾಯಕ ಏಳನೆಯ ಪಂದ್ಯ ನಡೆದದ್ದು ಸಸ್ಕಾಚೆವಾನಿನ ರಾಜಧಾನಿ ರೆಜೈನಾದಲ್ಲಿ. ನನಗೆ ಬೇಕಾಗಿದ್ದುದು ತಂಡದ ಸ್ವಂತ ಅಂಗಳ. ಹಾಗಾಗಿ 1967-68ರ ಋತುವನ್ನು ಆರಿಸಿಕೊಂಡೆ. ಬಾಂಬರ್ಸ್‌ನ ಬಾಬಿ ಕ್ಲಾರ್ಕ್ 59 ಪಂದ್ಯಗಳಲ್ಲಿ 51 ಗೋಲು, 117 ಅಸಿಸ್ಟ್ (ಗೋಲಿಗೆ ನೆರವಾದ ಪಾಸು) ಸೇರಿ 168 ಅಂಕ ಗಳಿಸಿದ್ದು, ಅವರ ಜೊತೆಗಾರ ರೆಜಿ ಲೀಚ್ 87 ಗೋಲು ಹೊಡೆದದ್ದು ಆ ಋತುವಿನಲ್ಲಿಯೇ.

ಈಗ ಐಸ್. ನಿಯಮದಲ್ಲಿರುವ 200 ಅಡಿ ಉದ್ದ, 85 ಅಡಿ ಅಗಲದ ರಿಂಕ್ ಈ ಅಳತೆಗೆ ಇಳಿದಾಗ ಸುಮಾರು 70 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲವಾಗುತ್ತದೆ. ನೀರಿನ ದೃಶ್ಯಕ್ಕೆ ನಾವೆಲ್ಲರೂ ಬಳಸುವ ಎಪಾಕ್ಸಿ ರೆಸಿನ್ನನ್ನೇ ಇಲ್ಲಿಯೂ 3 ಮಿ.ಮೀ. ದಪ್ಪಕ್ಕೆ ಸುರಿದರೆ ಮೇಲ್ಮೈ ಹೊಳೆಯುತ್ತದೆ, ಆದರೆ ಅದು ರಿಂಕಿನಂತಲ್ಲ, ಕೊಳದಂತೆ ಕಾಣುತ್ತದೆ. ಬಗ್ಗಿ ನೋಡಿದಾಗ ನೀಲಿ ಗೆರೆಗಳು ತಳದಲ್ಲಿ ಮುಳುಗಿದಂತಿದ್ದು, ಕಣ್ಣು ಸರಿದಂತೆ ಅವೂ ಸರಿಯುತ್ತಿದ್ದವು. ಕಾರಣ ಲೆಕ್ಕದಲ್ಲಿಯೇ ಇದೆ: ಹಾಕಿ ರಿಂಕಿನ ಐಸ್ ಸಾಮಾನ್ಯವಾಗಿ ಒಂದು ಇಂಚು ಅಥವಾ ಅದಕ್ಕಿಂತ ತುಸು ಹೆಚ್ಚು ದಪ್ಪವಿರುತ್ತದೆ, ಅಂದರೆ ನಮ್ಮ ಅಳತೆಯಲ್ಲಿ 0.3 ಮಿ.ಮೀ. ಮಾತ್ರ. 3 ಮಿ.ಮೀ. ರೆಸಿನ್ ಎಂದರೆ 26 ಸೆಂ.ಮೀ. ದಪ್ಪದ ಐಸ್.

ತೆಳ್ಳಗೆ ಸುರಿದರೆ ಬೇರೆ ಕಷ್ಟ. ರೆಸಿನ್ ಮೇಲ್ಮೈಸೆಳೆತದಿಂದ ಅಂಚಿಗೆ ಏರಿ ನಡುವೆ ಬೋಳು ಬಿಡುತ್ತದೆ. ಇದರ ಮೇಲೆ ಶಿವಮೊಗ್ಗದ ಮಳೆಗಾಲ. ತೇವದ ಗಾಳಿಯಲ್ಲಿ ಹಾರ್ಡನರಿನ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಅಮೀನ್ ಎಂಬ ರಾಸಾಯನಿಕ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಜಿಡ್ಡಿನ ಬಿಳಿ ಪೊರೆ ಬಿಡುತ್ತದೆ. ಸಾಲದೆಂಬಂತೆ, ನಾನು ತರಿಸಿದ ಹಾರ್ಡನರ್ ಬಾಟಲಿ ತೆರೆಯುವ ಮೊದಲೇ ಹಳದಿಗೆ ತಿರುಗಿತ್ತು. ತಯಾರಿಕೆಯ ತಿಂಗಳಿನ ಮೇಲೆ ಅಂಗಡಿಯವರ ಬೆಲೆಚೀಟಿ ಅಂಟಿತ್ತು. ಕೇಳಿದರೆ, ಬಣ್ಣ ಬದಲಾದರೂ ಗಟ್ಟಿಯಾಗುವುದಕ್ಕೆ ತೊಂದರೆಯಿಲ್ಲ ಎಂಬ ಉತ್ತರ ಬಂತು. ಪಾರದರ್ಶಕತೆಗೆಂದೇ ಹಣ ಕೊಟ್ಟವರಿಗೆ ಕೊಡುವ ಉತ್ತರ ಅದಲ್ಲ.

ದಾರಿ ಸಿಕ್ಕಿದ್ದು ನಿಜವಾದ ರಿಂಕುಗಳಲ್ಲಿ ಐಸ್ ಕಟ್ಟುವ ಕ್ರಮವನ್ನು ಓದಿದಾಗ. ಅಲ್ಲಿ ಯಾರೂ ಒಂದು ಇಂಚಿನ ನೀರನ್ನು ಒಮ್ಮೆಗೇ ನಿಲ್ಲಿಸಿ ಹೆಪ್ಪುಗಟ್ಟಿಸುವುದಿಲ್ಲ. ಸಿಂಪಡಿಸಿದ ನೀರಿನ ತೆಳು ಪದರಗಳು ಒಂದರ ಮೇಲೊಂದು ಗಟ್ಟಿಯಾಗುತ್ತವೆ; ಅದರ ಮೇಲೆ ಬಿಳಿ ಬಣ್ಣ, ಬಣ್ಣವನ್ನು ಹಿಡಿದಿಡುವ ನೀರಿನ ಪದರ, ಆಮೇಲೆ ಗೆರೆಗಳು, ಗೆರೆಗಳ ಮೇಲೆ ಮತ್ತೆ ನೀರು. ಅದೇ ಕ್ರಮವನ್ನು ಅನುಸರಿಸಿ ರೆಸಿನ್ನನ್ನು ಪೂರ್ತಿ ಬದಿಗಿಟ್ಟು, ಅಕ್ರಿಲಿಕ್ ಹಾಳೆಯ ಮೇಲೆ ಪ್ರೈಮರ್, ತುಸು ನೀಲಿ ಬೆರೆಸಿದ ಬಿಳಿ, ನಂತರ ನೀರಿನಲ್ಲಿ ಕರಗುವ ವಾರ್ನಿಶ್ಶನ್ನು ಏರ್‌ಬ್ರಷ್‌ನಲ್ಲಿ ಹೊಡೆದೆ. ಪ್ರತಿ ಪದರವೂ ನೀರುದೋಸೆಯ ಹಿಟ್ಟಿನಷ್ಟು ತೆಳ್ಳಗಿರಬೇಕು, ಪೂರ್ತಿ ಒಣಗದೆ ಮುಂದಿನದು ಬೀಳಬಾರದು. ಒಣಗಿದ ಮೇಲೆ ಬೆಳಕು ಬಿಳಿಯವರೆಗೆ ಇಳಿದು ಮೇಲಕ್ಕೆ ಬರುವ ರೀತಿಯನ್ನು ನೋಡಿದಾಗ, ಹುಡುಕುತ್ತಿದ್ದುದು ಇದೇ ಎಂದು ಸಂಶಯವೇ ಉಳಿಯಲಿಲ್ಲ.

ಗೆರೆಗಳಿಗೆ ಒಂದು ಮಾತು. ಒಂದು ಅಡಿ ಅಗಲದ ಕೆಂಪು, ನೀಲಿ ಗೆರೆಗಳು ಇಲ್ಲಿ 3.5 ಮಿ.ಮೀ.; ಎರಡಿಂಚಿನ ಗೋಲ್ ಗೆರೆ 0.6 ಮಿ.ಮೀ.ಗೂ ಕಡಿಮೆ. ಮಾಸ್ಕಿಂಗ್ ಟೇಪಿನ ಅಂಚಿಗೆ ಮೊದಲು ವಾರ್ನಿಶ್ ಹೊಡೆದು, ಅದು ಒಣಗಿದ ನಂತರವೇ ಕೆಂಪು ಹೊಡೆಯಿರಿ. ಅಂಚಿನಡಿ ನುಸುಳುವುದು ವಾರ್ನಿಶ್ಶೇ ಆಗಿರುತ್ತದೆ, ಬಣ್ಣಕ್ಕೆ ದಾರಿ ಮುಚ್ಚಿರುತ್ತದೆ. ಗೋಲಿನ ಮುಂದೆ ಗೋಲಿಗೆಂದು ಗುರುತಿಸುವ ಜಾಗ, ಅಂದರೆ ಕ್ರೀಸ್, ಆ ಕಾಲದಲ್ಲಿ 8 ಅಡಿ, 4 ಅಡಿಯ ಚೌಕಟ್ಟಾಗಿತ್ತು. ಇಂದಿನ ಅರ್ಧವೃತ್ತದ ಸಿದ್ಧ ಡೀಕಾಲುಗಳನ್ನು (ಅಂಟಿಸುವ ಚಿತ್ರಗಳನ್ನು) ಬಳಸಬೇಡಿ.

ಇದೇ ಕ್ರಮ ಕೈಗೆ ಹತ್ತಿರುವಾಗ ಮುಂದಿನ ಮಾದರಿಯ ಯೋಚನೆಯೂ ತಲೆಗೆ ಹೊಕ್ಕಿದೆ. ಫ್ಲಿನ್ ಫ್ಲಾನಿನಲ್ಲಿ ಬಂಡೆಯನ್ನು ಅಗೆಯುವುದು ಕಷ್ಟವಾದ್ದರಿಂದ ಒಳಚರಂಡಿಯ ಕೊಳವೆಗಳನ್ನು ಮರದ ಪೆಟ್ಟಿಗೆಗಳೊಳಗೆ ನೆಲದ ಮೇಲೆಯೇ ಹಾಯಿಸಿದ್ದರು, ಜನ ಆ ಪೆಟ್ಟಿಗೆಗಳ ಮೇಲೆ ನಡೆದಾಡುತ್ತಿದ್ದರು. ಹಿಮ ಮುಚ್ಚಿದ ಅಂಥದ್ದೊಂದು ಬೀದಿ, ಅದರ ಮೇಲೆ ಹಾಕಿ ಕೋಲು ಹೊತ್ತು ರಿಂಕಿಗೆ ಹೊರಟ ಹುಡುಗರು: ಇದನ್ನು ಮಾಡಿಯೇ ತೀರಬೇಕು.

ಸದ್ಯಕ್ಕೆ ಸ್ಕೇಟಿನ ಗೀರುಗಳನ್ನು ಎಳೆಯುತ್ತಿದ್ದೇನೆ. 2000 ನಂಬರಿನ ಉಪ್ಪುಕಾಗದದ ಚೂರನ್ನು ಬೆರಳ ತುದಿಯಲ್ಲಿ ಸಣ್ಣ ಕಮಾನಿನಂತೆ ತಿರುಗಿಸಿದರೆ ಹೊಳಪು ಅಲ್ಲಷ್ಟೇ ಮಾಸುತ್ತದೆ. ಕ್ರೀಸಿನ ಬಳಿ, ಬೆಂಚಿನ ಬಾಗಿಲಿನ ಬಳಿ ದಟ್ಟವಾಗಿ, ನಡುವಿನಲ್ಲಿ ವಿರಳವಾಗಿ. ಗೋಲಿನ ಹಿಂಭಾಗವನ್ನು ವಿಶೇಷವಾಗಿ ಮಾಸಲಾಗಿಸಿದ್ದೇನೆ. ಕ್ಲಾರ್ಕ್‌ಗಾಗಿ ಆ ಜಾಗ. ಮಧುಮೇಹವಿದ್ದ ಆ ಹುಡುಗನನ್ನು ವೃತ್ತಿಪರ ತಂಡಗಳು ದೂರವಿಡಬಹುದೆಂದು ಕೋಚ್ ಪ್ಯಾಟ್ ಗಿನೆಲ್ ಅಮೆರಿಕದ ಹೆಸರಾಂತ ಆಸ್ಪತ್ರೆ ಮೇಯೊ ಕ್ಲಿನಿಕ್ಕಿಗೆ ಕರೆದೊಯ್ದು, ಆಡಲು ಅಡ್ಡಿಯಿಲ್ಲ ಎಂದು ವೈದ್ಯರಿಂದ ಬರೆಸಿಕೊಂಡು ಬಂದಿದ್ದರು. ಆದರೂ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1969ರ ಡ್ರಾಫ್ಟಿನಲ್ಲಿ 17ನೆಯ ಸರದಿಯವರೆಗೆ ಯಾರೂ ಕರೆಯಲಿಲ್ಲ. ಕೊನೆಗೆ ಫಿಲಡೆಲ್ಫಿಯಾ ತಂಡ ಕರೆಯಿತು, 1974 ಮತ್ತು 1975ರಲ್ಲಿ ಕ್ಲಾರ್ಕ್ ನಾಯಕತ್ವದಲ್ಲಿ ವೃತ್ತಿಪರ ಐಸ್ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಗಿನೆಲ್ ಸ್ವತಃ 1957ರ ಗೆದ್ದ ತಂಡದಲ್ಲಿ ಆಡಿದವರು.

ಆಟಗಾರರ ಮರೂನ್ ಅಂಗಿಗಳಿಗೆ ಬಣ್ಣ ಬೆರೆಸಿಟ್ಟಿದ್ದೇನೆ. ಅದಕ್ಕೂ ಮೊದಲು ಸುತ್ತಲಿನ ಹಲಗೆಗಳನ್ನು ಮೂಲೆಗಳಲ್ಲಿ ಬಿರುಕು ಬಿಡದಂತೆ ಬಗ್ಗಿಸಬೇಕು; 0.5 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿ ನೋಡುತ್ತಿದ್ದೇನೆ.