ಎರಡು ಇಂಚು ಗಿಡ್ಡ

ಮಳೆಗಾಲ. ಮಲ್ಪೆಯಲ್ಲಿ ಬೋಟುಗಳಿಗೆ ಜುಲೈ 31ರವರೆಗೆ ರಜೆ. ನಾನು ಚಾವಡಿಯಲ್ಲಿ ಸ್ಕೂಬಾ ಡೈವಿಂಗಿನ ಸೈಡ್‌ಮೌಂಟ್ ಹಾರ್ನೆಸ್ (ಸಿಲಿಂಡರುಗಳನ್ನು ಬೆನ್ನಿಗಲ್ಲ, ಎರಡೂ ಪಕ್ಕೆಗೆ ಕಟ್ಟಿಕೊಳ್ಳುವ ಪಟ್ಟಿಗಳು) ಹರಡಿಕೊಂಡು ಕೂತಿದ್ದೇನೆ. ಕಳೆದ ಸಲ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವಾಗ, ಸಿಲಿಂಡರಿನ ತಲೆಯನ್ನು ಕಂಕುಳಿಗೆ ಎಳೆದು ಹಿಡಿಯುವ ಬಂಜಿ (ಎಲಾಸ್ಟಿಕ್) ಹಗ್ಗ ಸಡಿಲವಾಗಿ, ಎಡಗಡೆ ಸಿಲಿಂಡರಿನ ವಾಲ್ವ್ ಕಂಕುಳಿಂದ ಜಾರಿ ನೇತಾಡುತ್ತಿತ್ತು. ತುರ್ತಿಗೆ ಕೈಗೇ ಸಿಗದಿದ್ದರೆ ಎರಡೆರಡು ಸಿಲಿಂಡರ್ ಕಟ್ಟಿಕೊಂಡು ಏನು ಪ್ರಯೋಜನ, ಅಲ್ವಾ? ಇವತ್ತು ಆ ಹಗ್ಗವನ್ನು ಎರಡು ಇಂಚು ಗಿಡ್ಡ ಮಾಡಿದೆ.

ಅಲ್ಯೂಮಿನಿಯಂ ಸಿಲಿಂಡರಿನದ್ದು ಇನ್ನೊಂದು ರಗಳೆ. ಗಾಳಿ ಖಾಲಿಯಾದ ಹಾಗೆ ಹಗುರಾಗಿ ಬುಡ ಮೇಲೇಳುತ್ತದೆ. ಆಗ ಕೆಳಗಿನ ಕ್ಲಿಪ್ಪನ್ನು ಸೊಂಟದ ಮುಂದಿನ ಡಿ-ರಿಂಗಿಗೆ ಬದಲಿಸಬೇಕು. ಕಣ್ಣು ಮುಚ್ಚಿ ಹತ್ತು ಸಲ ಅಭ್ಯಾಸ ಮಾಡಿದೆ.

ಅಮ್ಮ ನೋಡಿ, "ಯಕ್ಷಗಾನದ ವೇಷ ಕಟ್ಟಲಿಕ್ಕೂ ಇಷ್ಟು ಹೊತ್ತು ಬೇಡ ಮಾರಾಯ" ಎಂದರು. ಚೌಕಿಯಲ್ಲಿ ಕಟ್ಟಿಕೊಡುವವರಾದರೂ ಇರುತ್ತಾರೆ. ಇಲ್ಲಿ ನಾನೊಬ್ಬನೇ. ಬಲಗಡೆಯದ್ದು ಇನ್ನೂ ಬಾಕಿ.