ಬೇವು ತಿಂದು ಬೆಟ್ಟ ಹತ್ತಿದ ಒಂಬತ್ತು ದಿನ

ಮಾಘದ ಚಳಿಯಲ್ಲಿ ಹಿಡಿದ ಕೆಮ್ಮು ಶಿವರಾತ್ರಿ ಕಳೆದರೂ ಬಿಟ್ಟಿರಲಿಲ್ಲ. ಡಾಕ್ಟರ್ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿದ್ದೆ. ಕೊಟ್ಟ ಮಾತ್ರೆಗಳೂ ಮುಗಿದಿದ್ದವು. ಭಯಪಡುವಂಥದ್ದು ಏನೂ ಇಲ್ಲ ಅಂದಿದ್ದರು. ಆದರೂ ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಕಫ, ಮೈಯೆಲ್ಲ ಭಾರ, ಹೊಟ್ಟೆಗೆ ಹಸಿವೇ ಇಲ್ಲ. ಒಂದು ಸಂಜೆ ದೀಪ ಹಚ್ಚುವಾಗ ಬಾಯಿಂದ ತಾನಾಗಿ ಬಂತು: 'ತಾಯಿ ಚಾಮುಂಡಿ, ಯುಗಾದಿಯಿಂದ ರಾಮನವಮಿವರೆಗೂ ದಿನಾ ನಿನ್ನ ಮೆಟ್ಟಿಲು ಹತ್ತಿ ಬರ್ತೀನಿ. ಶಕ್ತಿ ಕೊಡು.'

ಅದು 2024. ಯುಗಾದಿ ಏಪ್ರಿಲ್ 9ಕ್ಕೆ, ರಾಮನವಮಿ 17ಕ್ಕೆ ಬಂದಿತ್ತು. ಎಣಿಸಿದರೆ ಸರಿಯಾಗಿ ಒಂಬತ್ತು ದಿನ. ದಸರಾದ ನವರಾತ್ರಿ ನಮ್ಮ ಮೈಸೂರಲ್ಲಿ ಗೊತ್ತಿಲ್ಲದವರೇ ಇಲ್ಲ. ಚೈತ್ರದಲ್ಲೂ ಒಂದು ನವರಾತ್ರಿ ಇದೆ, ಅದಕ್ಕೆ ವಸಂತ ನವರಾತ್ರಿ ಅಂತಾರೆ. ಅದು ಸದ್ದಿಲ್ಲದೆ ಬಂದು ಹೋಗುತ್ತದೆ.

ಹರಕೆ ಹೊತ್ತ ಮೇಲೆ ನಮ್ಮ ಆಯುರ್ವೇದ ವೈದ್ಯರನ್ನು ಒಂದು ಸಲ ಕಂಡು ಬಂದೆ. ಚಾಮುಂಡಿ ಬೆಟ್ಟ ಹತ್ತಬಹುದಾ, ಏನು ತಿನ್ನಲಿ ಅಂತ ಕೇಳಿದೆ. ಅವರು ಕೇಳಿದ್ದು ಬೇರೇನೋ. 'ಡಿಸೆಂಬರಲ್ಲಿ ನಿಮ್ಮನೆ ಕೊಬ್ಬರಿ ಎಣ್ಣೆ ಹೇಗಿತ್ತಮ್ಮ?' ಗಟ್ಟಿಯಾಗಿತ್ತು, ಬಾಟ್ಲಿ ಬಿಸಿನೀರಲ್ಲಿ ಇಟ್ಟು ಕರಗಿಸಿಕೊಳ್ಳಬೇಕಿತ್ತು ಅಂದೆ. 'ಈಗ?' ಈಗ ನೀರು ನೀರು. 'ಮೈಯೊಳಗಿನ ಕಫವೂ ಹಾಗೇನೇ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೂತಿದ್ದು ಚೈತ್ರದ ಬಿಸಿಲಿಗೆ ಕರಗಿ ಹರಿಯುತ್ತೆ. ಹೊಟ್ಟೆಯ ಅಗ್ನಿ ಮೇಲೆ ನೀರು ಹುಯ್ದ ಹಾಗಾಗುತ್ತೆ. ಅದಕ್ಕೇ ಹಸಿವಿಲ್ಲ, ಮೈ ಭಾರ.' ಚರಕ ಸಂಹಿತೆಯಲ್ಲೂ ವಾಗ್ಭಟನ ಅಷ್ಟಾಂಗ ಹೃದಯದಲ್ಲೂ ವಸಂತ ಋತುವಿಗೆ ಹೇಳಿರುವುದು ಇದನ್ನೇ ಅಂತೆ. ಜಿಡ್ಡು, ಹುಳಿ, ಅತಿ ಸಿಹಿ ಕಮ್ಮಿ ಮಾಡಿ. ಕಹಿ, ಖಾರ, ಒಗರು ಇರಲಿ. ಹಗಲು ಮಲಗಬೇಡಿ. ಮೈಗೆ ಕೆಲಸ ಕೊಡಿ. 'ಬೆಟ್ಟ ಹತ್ತಿ, ಆದರೆ ನಿಧಾನ' ಅಂದರು.

ದೇವಿಗೆ ನಾನು ಹೇಳಿಕೊಂಡಿದ್ದೂ ಇದೇ ಅಲ್ವಾ ಅಂತ ಅನ್ನಿಸಿ ಕಣ್ಣು ತುಂಬಿ ಬಂತು.

ಯುಗಾದಿ ಬೆಳಿಗ್ಗೆ ಮನೆಯಲ್ಲಿ ಎಣ್ಣೆ ಸ್ನಾನ. ಮೈಗೆಲ್ಲ ಎಣ್ಣೆ ತಿಕ್ಕಿ, ಆಮೇಲೆ ಸೀಗೆಪುಡಿ, ಕಡಲೆಹಿಟ್ಟಿನಲ್ಲಿ ಉಜ್ಜಿ ತೆಗೆಯುವುದು. ಒಣ ಪುಡಿಯಲ್ಲಿ ಮೈ ಉಜ್ಜುವುದಕ್ಕೆ ವೈದ್ಯರು ಉದ್ವರ್ತನ ಅನ್ನುತ್ತಾರೆ. ಅದೂ ವಸಂತಕ್ಕೆ ಹೇಳಿದ್ದೇ. ಆಮೇಲೆ ಬೇವು ಬೆಲ್ಲ. ನಮ್ಮೂರು ಮಂಡ್ಯದ ಕಡೆ. ಬೆಲ್ಲ ಆಲೆಮನೆಯಿಂದಲೇ ಬರುತ್ತಿತ್ತು. ಅಜ್ಜಿ ಇದ್ದಾಗ ಬೇವಿನ ಹೂವನ್ನು ಹಿಂದಿನ ಸಂಜೆಯೇ ಗೊಂಚಲಿನಿಂದ ಬಿಡಿಸುತ್ತಿದ್ದಳು. ಮೊರದ ತುಂಬ ಪುಟ್ಟ ಪುಟ್ಟ ಬಿಳಿ ಹೂ. ಕೈ ಮೂಸಿದರೆ ಜೇನಿನ ವಾಸನೆ, ನಾಲಿಗೆಗೆ ಇಟ್ಟರೆ ಕಹಿ. ನಾವು ಮಕ್ಕಳು ಬೆಲ್ಲದ ಚೂರು ಮಾತ್ರ ಆರಿಸಿಕೊಳ್ಳೋಕೆ ನೋಡಿದರೆ ಅಜ್ಜಿ ಬಿಡುತ್ತಿರಲಿಲ್ಲ. 'ಬೇವು ಬಿಟ್ಟು ಬೆಲ್ಲ ತಿಂದ್ರೆ ಹಬ್ಬ ಆಯ್ತದಾ ಮಗಾ? ಕಹಿ ಮೊದ್ಲು ಒಳಿಕ್ಕೋಗ್ಲಿ.' ತಿನ್ನುವಾಗ ಹೇಳುವ ಶ್ಲೋಕ ಅವಳಿಗೆ ಬರುತ್ತಿರಲಿಲ್ಲ, ಅಪ್ಪ ಹೇಳುತ್ತಿದ್ದರು: ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ. ನೂರು ವರ್ಷ ಆಯಸ್ಸು, ವಜ್ರದಂಥ ದೇಹ. ಬರೀ ಸಂಪತ್ತಲ್ಲ, ಮೊದಲು ದೇಹ ಕೇಳುವ ಪ್ರಾರ್ಥನೆ ಅದು.

ಒಬ್ಬಟ್ಟು ಬಿಡೋಕಾಗುತ್ತಾ? ವರ್ಷದ ಮೊದಲ ದಿನ, ದೇವರಿಗೆ ಎಡೆ ಇಡಬೇಕು. ಒಂದು ತಿಂದೆ. ಆದರೆ ಬೇಳೆ ಬೇಯಿಸಿದ ಕಟ್ಟಿನ ನೀರಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕರಿಬೇವು ಬಿದ್ದು ಕುದಿಯುವ ಒಬ್ಬಟ್ಟಿನ ಸಾರು ಇದೆಯಲ್ಲ, ಅದನ್ನು ಮಾತ್ರ ಎರಡು ಸಲ ಬಡಿಸಿಕೊಂಡೆ. ಭಾರದ ಸಿಹಿ ಮಾಡಿದ ಒಲೆಯಲ್ಲೇ ಅದನ್ನು ಕರಗಿಸುವ ಸಾರನ್ನೂ ಮಾಡಿದ ನಮ್ಮ ಹಿರಿಯ ಹೆಂಗಸರಿಗೆ ನಾನು ಕೈ ಮುಗಿಯುತ್ತೇನೆ.

ಮಾರನೇ ದಿನ ಊರಲ್ಲಿ ಹೊಸತೊಡಕು. ಮಂಡ್ಯದ ಕಡೆ ಅವತ್ತು ಬಾಡೂಟ (ಮಾಂಸದೂಟ) ಇಲ್ಲದ ಮನೆ ಅಪರೂಪ. ಹರಕೆ ಇದೆ, ಬರಲ್ಲ ಅಂತ ಫೋನ್ ಮಾಡಿದೆ. 'ಹೋಗ್ಲಿ ಬಿಡವ್ವ, ತಾಯಿ ದೊಡ್ಡೋಳು' ಅಂದಳು ಅಕ್ಕ.

ಬೆಟ್ಟದ ಪಾದದಿಂದ ಮೇಲಕ್ಕೆ ಸಾವಿರಕ್ಕೂ ಜಾಸ್ತಿ ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ ಕಟ್ಟಿಸಿದ್ದು. ಏಕಶಿಲೆಯ ದೊಡ್ಡ ನಂದಿಯೂ ಅವರ ಕಾಲದ್ದೇ. ಮೊದಲ ದಿನ ನೂರು ಮೆಟ್ಟಿಲಿಗೇ ಉಸಿರು ಸಿಕ್ಕಿಹಾಕಿಕೊಂಡಿತು. ಕೂತೆ. ಎದ್ದೆ. ಮತ್ತೆ ಕೂತೆ. ಆ ವರ್ಷ ಮಳೆ ಕೈಕೊಟ್ಟು ಬಿಸಿಲು ಬಹಳ. ಆರು ಗಂಟೆಗೆ ಹೊರಟರೂ ಇಳಿಯುವ ಹೊತ್ತಿಗೆ ಕಲ್ಲು ಕಾಯುತ್ತಿತ್ತು.

ಮೂರನೇ ದಿನ ನನ್ನ ಮುಂದೆ ಒಬ್ಬ ಹೆಂಗಸು ಹತ್ತುತ್ತಿದ್ದಳು. ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಇನ್ನೊಂದರಲ್ಲಿ ಕುಂಕುಮ. ಪ್ರತಿ ಮೆಟ್ಟಿಲಿಗೂ ಬಗ್ಗುವುದು, ಅರಿಶಿನ ಹಚ್ಚುವುದು, ಕುಂಕುಮ ಇಡುವುದು, ಆಮೇಲೆ ಕಾಲೆತ್ತುವುದು. ಅವಸರವೇ ಇಲ್ಲ. ಬೆವರು ಹುಬ್ಬಿನಿಂದ ಇಳಿದು ಕಲ್ಲಿನ ಮೇಲೆ ಬೀಳುತ್ತಿತ್ತು. ಅದನ್ನೂ ಸೆರಗಲ್ಲಿ ಒರೆಸಿ ಮುಂದಕ್ಕೆ ಹೋಗುತ್ತಿದ್ದಳು. ನಾನು ಎಷ್ಟು ಮೆಟ್ಟಿಲಾಯಿತು ಅಂತ ಎಣಿಸುವುದನ್ನು ಅವತ್ತೇ ನಿಲ್ಲಿಸಿದೆ. ಅವಳ ಹಿಂದೆಯೇ, ಅವಳ ವೇಗದಲ್ಲೇ ಹತ್ತಿದೆ. ನಂದಿಯ ಹತ್ತಿರ ಬಂದಾಗ ಉಸಿರು ಸಮವಾಗಿತ್ತು.

ಒಂಬತ್ತು ದಿನದ ಊಟ ಬಹಳ ಸರಳ. ಎದ್ದ ತಕ್ಷಣ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಜೇನು. ಜೇನನ್ನು ಬಿಸಿ ಮಾಡಬಾರದು, ಕುದಿಯೋ ನೀರಿಗೂ ಹಾಕಬಾರದು ಅಂತ ವೈದ್ಯರು ಒತ್ತಿ ಹೇಳಿದ್ದರು. ಬಾಯಾರಿದಾಗ ಒಣ ಶುಂಠಿ ಹಾಕಿ ಕಾಯಿಸಿದ ನೀರು. ಮಧ್ಯಾಹ್ನ ಮುದ್ದೆ, ಹುರುಳಿ ಕಟ್ಟಿನ ಸಾರು. ಒಂದು ದಿನ ಹಾಗಲಕಾಯಿ, ಒಂದು ದಿನ ಮೆಂತ್ಯ ಸೊಪ್ಪು. ಇನ್ನೊಂದು ದಿನ ಒಣಗಿಸಿದ ಬೇವಿನ ಹೂವನ್ನು ಒಂದೇ ತೊಟ್ಟು ತುಪ್ಪದಲ್ಲಿ ಹುರಿದು ಸಾರಿಗೆ ಹಾಕಿದೆ. ಅನ್ನಕ್ಕೆ ಹಳೇ ಅಕ್ಕಿ. ರಾತ್ರಿ ಮೊಸರಿಲ್ಲ. ಊಟವಾದ ಮೇಲೆ ಒರಗುವ ಚಾಳಿ ಬಿಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ನಿದ್ದೆ ಎಳೆದಾಗ ದೇವರ ಸಾಮಾನು ತಿಕ್ಕುತ್ತಾ ಕೂರುತ್ತಿದ್ದೆ. ದೀಪದ ಕಂಬ ಅಷ್ಟು ಹೊಳೆದಿದ್ದು ಅದೇ ಮೊದಲು!

ಇದನ್ನು ಓದಿ ಯಾರೂ ಸುಮ್ನೆ ಹೀಗೇ ಮಾಡಬೇಡಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮಂಡಿ ನೋವು ಇರುವವರು, ಗರ್ಭಿಣಿಯರು ನಿಮ್ಮ ಡಾಕ್ಟರನ್ನು ಕೇಳಿ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಬೇವೂ ಚಿಟಿಕೆಯಷ್ಟೇ ಇರಲಿ. ತಾಯಿ ಯಾರ ಮೈಯನ್ನೂ ನೋಯಿಸಿ ಹರಕೆ ಕೇಳುವುದಿಲ್ಲ.

ಆರನೇ ದಿನವೋ ಏಳನೇ ದಿನವೋ, ಬೆಟ್ಟ ಇಳಿದಾಗ ಹೊಟ್ಟೆ ಚುರುಗುಟ್ಟಿತು. ಎಷ್ಟೋ ವಾರದ ಮೇಲೆ ನಿಜವಾದ ಹಸಿವು. ಪಾದದ ಹತ್ತಿರ ನಿಂತು ಮೇಲೆ ನೋಡಿ ಕೈ ಮುಗಿದೆ. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಅದಕ್ಕೆ ಇನ್ನೂ ಸ್ವಲ್ಪ ದಿನ ಹಿಡಿಯಿತು. ಆದರೆ ಆ ಹಸಿವು ತಾಯಿಯ ಪ್ರಸಾದ ಅಂತಲೇ ನಾನು ನಂಬಿದ್ದೇನೆ.

ರಾಮನವಮಿ ದಿನ ದರ್ಶನ ಮುಗಿಸಿ ಮನೆ ಕಡೆ ಬರುವಾಗ ನಮ್ಮ ಬೀದಿಯ ರಾಮಮಂದಿರದ ಮುಂದೆ ಚಪ್ಪರ ಹಾಕಿದ್ದರು. ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು. ಹಂಡೆಯಲ್ಲಿ ಪಾನಕ, ಪಕ್ಕದಲ್ಲಿ ಕರಿಬೇವು ಶುಂಠಿ ಜಜ್ಜಿ ಹಾಕಿದ ನೀರು ಮಜ್ಜಿಗೆ, ಮುತ್ತುಗದ ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಪಾನಕದಲ್ಲಿ ಬೆಲ್ಲದ ಜೊತೆ ಮೆಣಸು, ಶುಂಠಿ, ಏಲಕ್ಕಿ. ಬಿಸಿಲಿಗೆ ತಂಪು ಬೇಕು, ಆದರೆ ಕಫ ಏಳಬಾರದು. ಎರಡನ್ನೂ ಒಂದೇ ಲೋಟಕ್ಕೆ ತುಂಬಿಸಿಟ್ಟಿದ್ದಾರೆ. ಹತ್ತು ವರ್ಷದ ಹುಡುಗನೊಬ್ಬ ಸೌಟಲ್ಲಿ ಬಗ್ಗಿಸಿ ಕೊಟ್ಟ. ಮೇಲೆ ಕುಟ್ಟಿದ ಮೆಣಸು ತೇಲಾಡುತ್ತಿತ್ತು. ಮೊದಲ ಗುಟುಕಿಗೆ ಸಿಹಿ, ಗಂಟಲಿಗೆ ಇಳಿದ ಮೇಲೆ ಖಾರ.

'ಇನ್ನೊಂದು ಲೋಟ ಹಾಕ್ಲಾ ಆಂಟಿ?'

ಹಾಕಪ್ಪ ಅಂದೆ.