ಯುಪಿಎಸ್ ಆಯ್ಕೆ ಮಾಡಿದ ಗ್ರಾಫಿಕ್ಸ್ ಕಾರ್ಡ್

ಜೂನ್ 9, 2024

ಗೇಮಿಂಗ್ ಪಿಸಿಗೆ ಅಂತ 80,000 ರೂಪಾಯಿ ಕೂಡಿಟ್ಟು ಎರಡು ತಿಂಗಳಾಯಿತು. ಇನ್ನೂ ಒಂದು ಸ್ಕ್ರೂ ಕೂಡ ಮನೆಗೆ ಬಂದಿಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಹಳೆಯವೇ ಸಾಕು.

ಪ್ರೊಸೆಸರ್ ಮಾತ್ರ ಇವತ್ತು ತೀರ್ಮಾನವಾಯಿತು: ರೈಜನ್ 5 7600. ಹಳೆಯ 5600ರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್ ಇವೆ. ಅದರ ಬೋರ್ಡೂ ಅಗ್ಗ, ಡಿಡಿಆರ್4 ರ್‍ಯಾಮೂ ಅಗ್ಗ. ಆದರೆ ಆ ಎಎಮ್4 ಸಾಕೆಟ್ಟಿನ, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ, ಕಾಲ ಮುಗಿಯುತ್ತಾ ಬಂತು. 7600 ಕೂರುವ ಎಎಮ್5ಕ್ಕೆ 2027ರವರೆಗೂ, ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ರೈಜನ್ ತಯಾರಿಸುವ ಎಎಮ್‌ಡಿ ಈ ತಿಂಗಳೇ ಹೇಳಿದೆ. ನಾನು ಐದಾರು ವರ್ಷಕ್ಕೊಮ್ಮೆ ಕೈ ಬಿಚ್ಚುವವನು. ಮುಂದೆ ಬರೀ ಪ್ರೊಸೆಸರ್ ಬದಲಿಸಿದರೆ ಸಾಕು ಅನ್ನುವುದೇ ನನಗೆ ದೊಡ್ಡದು. ಕೂಲರ್ ಡಬ್ಬದಲ್ಲೇ ಬರುತ್ತದೆ, ಆ ಖರ್ಚೂ ಇಲ್ಲ.

ಜೂನ್ 16

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಗೆಳೆಯನ ಜೊತೆ ಒಂದು ವಾರ ಜಗಳ. ನನ್ನ ಕಣ್ಣು ಎಂಟು ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4060 ಮೇಲೆ. ಅವನದು ಒಂದೇ ಹಟ: "ಎಂಟು ಜಿಬಿ ಸಾಕಾಗಲ್ಲ ಮಾರಾಯ, 6750 ಎಕ್ಸ್‌ಟಿ ತಗೋ." ಅವನು ಹೇಳುವುದು ಸುಳ್ಳಲ್ಲ. ಅದರಲ್ಲಿ 12 ಜಿಬಿ ಇದೆ. ಕೊಟ್ಟ ದುಡ್ಡಿಗೆ ಆರ್‌ಟಿಎಕ್ಸ್ 4060ಗಿಂತ ಸೆಕೆಂಡಿಗೆ ಜಾಸ್ತಿ ಫ್ರೇಮ್, ಅಂದರೆ ಚಿತ್ರ, ಕೊಡುತ್ತದೆ. ನಾನೂ ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದೆ.

ಆದರೆ ಮೊನ್ನೆ ಸಂಜೆ ಮಳೆ ಶುರುವಾಯಿತು, ಕರೆಂಟ್ ಹೋಯಿತು. ಟೇಬಲ್ ಕೆಳಗಿನ ಯುಪಿಎಸ್ ಕುಂಯ್ ಅಂದಿತು. ಆಗ ಅದನ್ನು ತಿರುಗಿಸಿ ಲೇಬಲ್ ನೋಡಿದೆ: 600 ವಿಎ, 360 ವಾಟ್. ವಿಎ ಅಂಕಿ ನೋಡಿ ಮೋಸ ಹೋಗಬಾರದು, ನಮಗೆ ಬೇಕಾದ್ದು ವಾಟ್.

ಒಂದು ಹಳೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಪ್ರೊಸೆಸರ್ ಪೂರ್ತಿ ದುಡಿದರೆ 88 ವಾಟ್. ಬೋರ್ಡ್, ರ್‍ಯಾಮ್, ಫ್ಯಾನ್, ಮಾನಿಟರ್ ಎಲ್ಲಾ ಸೇರಿ ಅಂದಾಜು 65. 6750 ಎಕ್ಸ್‌ಟಿ ಒಂದೇ 250. ಕೂಡಿದರೆ 400 ದಾಟಿತು. ಆಟದ ಮಧ್ಯೆ ಕರೆಂಟ್ ಹೋದರೆ ಯುಪಿಎಸ್ಸೂ ಕೈ ಕೊಡುತ್ತದೆ. ಆರ್‌ಎಕ್ಸ್ 7600 ಅನ್ನುವ ಇನ್ನೊಂದು ಕಾರ್ಡ್ ಆದರೆ 165, ಒಟ್ಟು 318. ನಡೆಯುತ್ತದೆ, ಆದರೆ ಬಿಗಿ. 4060ಗೆ ಬೇಕಾದ್ದು 115 ವಾಟ್. ಒಟ್ಟು 268.

ನಮ್ಮೂರು ಸಾಗರದ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ಬೆಂಗಳೂರಿನ ಗೆಳೆಯನಿಗೆ ಹೇಗೆ ಗೊತ್ತಾಗಬೇಕು? ಮನೆಗೆ ಇನ್ವರ್ಟರ್ ಇದೆ ನಿಜ. ಆದರೆ ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತದೆ, ಹಳೇ ಪಿಸಿಯಲ್ಲಿ ನೋಡಿದ್ದೇನೆ. ದೊಡ್ಡ ಯುಪಿಎಸ್ ಬೇಕೆಂದರೆ ಅದಕ್ಕೆ ಬೇರೆ ದುಡ್ಡು. ಹಾಗಾಗಿ 4060. ಎಂಟು ಜಿಬಿ ಕಡಿಮೆಯೇ, ಆದರೆ ನನ್ನದು 1080ಪಿ ಮಾನಿಟರ್. ಟೆಕ್ಸ್ಚರ್, ಅಂದರೆ ಆಟದ ಚಿತ್ರದ ನಯ, ಒಂದು ಮೆಟ್ಟಿಲು ಇಳಿಸಿ ಆಡುತ್ತೇನೆ.

ಜೂನ್ 29

ರಾತ್ರಿ ರೈಲಿಗೆ ಹೊರಟು ಬೆಳಿಗ್ಗೆ ಬೆಂಗಳೂರು. ಅಂಗಡಿ ತೆಗೆಯುವವರೆಗೆ ಎರಡು ಸಲ ಕಾಫಿ. ಆಮೇಲೆ ಎಸ್‌ಪಿ ರೋಡ್, ಕಂಪ್ಯೂಟರ್ ಬಿಡಿಭಾಗಗಳ ಸಂತೆ.

ಮೊದಲ ಅಂಗಡಿಯಲ್ಲಿ, "ಸರ್, ಈ ಕ್ಯಾಬಿನೆಟ್ ಜೊತೆ ಪವರ್ ಸಪ್ಲೈ ಫ್ರೀ" ಅಂದರು. ಎತ್ತಿ ನೋಡಿದೆ, ಖಾಲಿ ಡಬ್ಬದಷ್ಟು ಹಗುರ. ಇಡೀ ಪಿಸಿಗೆ ಕರೆಂಟ್ ಕೊಡುವ ವಸ್ತು ಅದು, ಸುಮ್ನೆ ಫ್ರೀ ಅಂತ ತರುವುದಾ? ನಮಸ್ಕಾರ ಹೇಳಿ ಹೊರಬಂದೆ. ಬೇರೆ ಕಡೆ 550 ವಾಟಿನ, ಬ್ರಾಂಜ್ ದರ್ಜೆಯ ಪವರ್ ಸಪ್ಲೈ 4,300ಕ್ಕೆ ಸಿಕ್ಕಿತು. ರ್‍ಯಾಮ್ ಅಲ್ಲೂ ಅದೇ ಕಥೆ. 32 ಜಿಬಿಯ ಒಂದೇ ಸ್ಟಿಕ್ ಕೊಡಲು ನೋಡಿದರು. ನನಗೆ ಬೇಕಿದ್ದದ್ದು 16ರ ಜೋಡಿ, ಎರಡು ಸ್ಟಿಕ್ ಜೊತೆಯಾಗಿ ದುಡಿಯುವ ಡ್ಯುಯಲ್ ಚಾನೆಲ್ ಇಲ್ಲದಿದ್ದರೆ ಆಟದಲ್ಲಿ ಫ್ರೇಮ್ ಬಿದ್ದುಹೋಗುತ್ತದೆ. ಬಿ650 ಬೋರ್ಡ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಜಾಲರಿ ಮುಖದ ಕ್ಯಾಬಿನೆಟ್ ಬೇಗ ಮುಗಿದವು. ಕಾರ್ಡ್ 28,500, ಪ್ರೊಸೆಸರ್ 18,200.

ಒಟ್ಟು 82,800. ಅಮ್ಮನಿಗೆ 80 ಅಂತಲೇ ಹೇಳಿದ್ದೇನೆ.

ಜೂನ್ 30

ಜೋಡಿಸಲು ನಾಲ್ಕು ಗಂಟೆ ಹಿಡಿಯಿತು. ರ್‍ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡಿನ ಮೂಲೆಯಲ್ಲಿ ರ್‍ಯಾಮ್ ದೀಪ ಮಾತ್ರ ಉರಿಯುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ. ಕೈ ಬಟನ್ ಹತ್ತಿರ ಹೋಗಿ ಹೋಗಿ ಬಂತು. ಎಎಮ್5 ಮೊದಲ ಸಲ ರ್‍ಯಾಮನ್ನು ಪಳಗಿಸಲು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಓದಿದ್ದೆ. ಆದರೂ ಹೊಟ್ಟೆಯಲ್ಲಿ ಸಂಕಟ. ಐದನೇ ನಿಮಿಷಕ್ಕೆ ಬಯಾಸ್, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆ, ಬಂತು. ರ್‍ಯಾಮ್ 4800ರಲ್ಲಿ ಓಡುತ್ತಿತ್ತು, ಎಕ್ಸ್‌ಪೋ ಅನ್ನುವ ವೇಗದ ಸೆಟ್ಟಿಂಗ್ ಆನ್ ಮಾಡಿ 6000ಕ್ಕೆ ಏರಿಸಿದೆ. ಮತ್ತೆ ಕಪ್ಪು ಪರದೆ, ಮತ್ತೆ ಕಾಯುವುದು.

ಜುಲೈ 7

ಕಾರ್ ರೇಸ್ ಓಡುತ್ತಿದ್ದಾಗಲೇ ಯುಪಿಎಸ್‌ಗೆ ಹೋಗುವ ಸ್ವಿಚ್ ಆರಿಸಿದೆ, ಬೇಕಂತಲೇ. ಸಾದಾ ಯುಪಿಎಸ್ ಕೊಡುವ ಒರಟು ಕರೆಂಟನ್ನು ಕೆಲವು ಪವರ್ ಸಪ್ಲೈ ಒಪ್ಪುವುದಿಲ್ಲ, ಆ ಭಯವಿತ್ತು. ನನ್ನದು ಒಪ್ಪಿತು. ನಾಲ್ಕು ನಿಮಿಷ ಎಳೆಯಿತು. ಸೇವ್ ಮಾಡಿ ಆರಿಸಲು ಧಾರಾಳ.

ಹೊಸ ತಲೆನೋವು ಒಂದಿದೆ. ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದರೆ ಬೆರಳು ಜುಂ ಅನ್ನುತ್ತದೆ. ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟು ನೋಡಿ, "ನಿಮ್ಮನೇಲಿ ಅರ್ತಿಂಗೇ ಇಲ್ಲವಲ್ಲ" ಅಂದರು. ಪವರ್ ಸಪ್ಲೈಯಿಂದ ಸೋರುವ ಚೂರು ಕರೆಂಟ್ ಭೂಮಿಗೆ ಇಳಿಯಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನಲ್ಲೇ ನಿಂತಿದೆಯಂತೆ. ಹಿತ್ತಲಲ್ಲಿ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಪೈಪ್ ಇಳಿಸಬೇಕು. ಮಳೆ ಬಿಟ್ಟ ಕೂಡಲೇ ಬರುತ್ತಾರಂತೆ. ಅಲ್ಲಿಯವರೆಗೆ ಪ್ಲಗ್ ಕಿತ್ತಿಡದೆ ಆ ಸ್ಕ್ರೂ ತಂಟೆಗೆ ಹೋಗುವುದಿಲ್ಲ, ಆಡುವುದೂ ಚಪ್ಪಲಿ ಹಾಕಿಕೊಂಡೇ. ರೂಮಿನೊಳಗೆ ಚಪ್ಪಲಿ ಯಾಕೆ ಅಂತ ಅಮ್ಮನದು ದಿನಾ ಒಂದು ರಗಳೆ.